ಕಲಬುರಗಿಯಲ್ಲಿ ವ್ಯಾಗನ್ ತಗ್ಗಿಸುವುದು ಹೇಗೆ: ಮೊದಲು ಹಂಪ್ಸ್ ಅಳೆಯಿರಿ, ಆಮೇಲೆ ಸ್ಪ್ರಿಂಗ್ ಕೊಳ್ಳಿ

ಸ್ಟೇಷನ್ ವ್ಯಾಗನ್, ಅಂದರೆ ಡಿಕ್ಕಿಯ ಮೇಲೂ ಛಾವಣಿ ಚಾಚಿರುವ ಉದ್ದನೆಯ ಕಾರು, ನಮ್ಮ ದೇಶದಲ್ಲಿ ಯಾವತ್ತೂ ಜಾಸ್ತಿ ಮಾರಾಟವಾಗಲಿಲ್ಲ. ಮಾರುತಿ ಬಲೆನೊ ಆಲ್ಟುರಾ, ಟಾಟಾ ಇಂಡಿಗೊ ಮರೀನಾ, ಓಪೆಲ್ ಕೋರ್ಸಾ ಸ್ವಿಂಗ್, ಸ್ಕೋಡಾ ಆಕ್ಟೇವಿಯಾ ಕಾಂಬಿ ಬಂದವು, ಹೋದವು. ಆದರೆ ಇಂಥ ಗಾಡಿ ಇಟ್ಟುಕೊಂಡವರು ಅದನ್ನು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಮನೆಮಂದಿಯೆಲ್ಲ ಕೂತರೂ ಡಿಕ್ಕಿಯಲ್ಲಿ ಇನ್ನೂ ಜಾಗ ಉಳಿಯುತ್ತದೆ, ಓಡಿಸಲು ಕಾರಿನ ಹಾಗೇ ಇರುತ್ತದೆ. ಇದಕ್ಕಿಂತ ಇನ್ನೇನು ಬೇಕು?

ಹಲವರಿಗೆ ಇನ್ನೂ ಒಂದು ಬೇಕು. ಗಾಡಿ ಸ್ವಲ್ಪ ತಗ್ಗಬೇಕು. ಉದ್ದನೆಯ ಮೈ ನೆಲಕ್ಕೆ ಹತ್ತಿರ ಬಂದರೆ ವ್ಯಾಗನ್‌ನ ಅಂದವೇ ಬೇರೆ. ಅದರಲ್ಲೂ ಯುರೋಪಿನ ಎಷ್ಟೋ ಕಾರುಗಳನ್ನು ನಮ್ಮ ರಸ್ತೆಗೆಂದು ಎತ್ತರಿಸಿಯೇ ಇಲ್ಲಿ ಮಾರಿದ್ದಾರೆ. ಟೈರ್‌ಗೂ ಮೇಲಿನ ಕಮಾನಿಗೂ ನಡುವೆ ಕೈ ತೂರುವಷ್ಟು ಜಾಗ ಕಾಣುತ್ತದೆ. ಅದು ಕಣ್ಣಿಗೆ ಚುಚ್ಚುತ್ತದೆ, ನಿಜ.

ಬೆಂಗಳೂರಿನ ಗಾಡಿಗಳನ್ನು ನೋಡಿ 50 ಮಿ.ಮೀ. ಇಳಿಸುತ್ತೇನೆ ಎನ್ನುವವರಿಗೆ ನನ್ನ ಮಾತು ನೇರ. ಕಲಬುರಗಿಯಲ್ಲಿ 25ರಿಂದ 30 ಮಿ.ಮೀ. ಸಾಕು. ಅದಕ್ಕಿಂತ ಕೆಳಗೆ ಹೋದರೆ ಗಾಡಿ ನೋಡಲು ಚೆನ್ನಾಗಿರುತ್ತದೆ, ಓಡಿಸಲು ಆಗುವುದಿಲ್ಲ. ಯಾಕೆ, ಹೇಗೆ, ಯಾವ ಪಾರ್ಟ್ಸ್ ಹಾಕಬೇಕು ಎಂಬುದನ್ನು ಕ್ರಮವಾಗಿ ಹೇಳುತ್ತೇನೆ.

ತಗ್ಗಿಸಿದರೆ ನಿಜಕ್ಕೂ ಏನು ಸಿಗುತ್ತದೆ

ಗಾಡಿ ತಗ್ಗಿದರೆ ತಿರುವಿನಲ್ಲಿ ವಾಲುವುದು ಕಡಿಮೆಯಾಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಹೌದು, ಆದರೆ ಎಷ್ಟು? ಲೆಕ್ಕ ಹಾಕಿ ನೋಡೋಣ. ಗಾಡಿಯ ಭಾರದ ನಡುಬಿಂದು ನೆಲದಿಂದ ಸುಮಾರು 550 ಮಿ.ಮೀ. ಎತ್ತರದಲ್ಲಿದೆ ಅಂದುಕೊಳ್ಳಿ. 25 ಮಿ.ಮೀ. ಇಳಿಸಿದರೆ ತಿರುವಿನಲ್ಲಿ ಒಳಗಿನ ಚಕ್ರದಿಂದ ಹೊರಗಿನ ಚಕ್ರಕ್ಕೆ ಹೋಗುವ ಭಾರ ಶೇಕಡಾ 5ರಷ್ಟೂ ಕಡಿಮೆಯಾಗುವುದಿಲ್ಲ. ಸ್ಟೀರಿಂಗ್ ಹಿಡಿದಾಗ ಗೊತ್ತಾಗುವ ಬದಲಾವಣೆಯಲ್ಲಿ ಹೆಚ್ಚಿನ ಪಾಲು ಬರುವುದು ಹೊಸ ಸ್ಪ್ರಿಂಗ್ ಗಟ್ಟಿ ಇರುವುದರಿಂದ, ಹೊಸ ಶಾಕಪ್ ಸರಿಯಾಗಿ ಕೆಲಸ ಮಾಡುವುದರಿಂದ. ಎತ್ತರದ ಪಾಲು ಸಣ್ಣದು.

ಇನ್ನೊಂದು ವಿಷಯ ಅಷ್ಟಾಗಿ ಯಾರೂ ಹೇಳುವುದಿಲ್ಲ. ಈ ಗಾಡಿಗಳ ಮುಂದೆ ಇರುವುದು ಮ್ಯಾಕ್‌ಫರ್ಸನ್ ಸ್ಟ್ರಟ್, ಅಂದರೆ ಸ್ಪ್ರಿಂಗ್, ಶಾಕಪ್ ಎರಡೂ ಒಂದೇ ಕಂಬವಾಗಿ ಸೇರಿದ ಜೋಡಣೆ. ಚಕ್ರವನ್ನು ಗಾಡಿಯ ಮೈಗೆ ಜೋಡಿಸುವ ಕೆಳಗಿನ ತೋಳು, ಅಂದರೆ ಲೋಯರ್ ಆರ್ಮ್, ಸಾಮಾನ್ಯವಾಗಿ ಚಕ್ರದ ಕಡೆಗೆ ಸ್ವಲ್ಪ ಇಳಿಜಾರಾಗಿರುತ್ತದೆ. ಗಾಡಿ ತುಂಬಾ ತಗ್ಗಿದರೆ ಅದು ಮಟ್ಟಸವಾಗಿ, ಆಮೇಲೆ ಉಲ್ಟಾ ಆಗಿ, ಚಕ್ರದ ಕಡೆ ಮೇಲಕ್ಕೆ ಏರುತ್ತದೆ. ಮೈ ವಾಲುವಾಗ ಯಾವ ಬಿಂದುವಿನ ಸುತ್ತ ತಿರುಗುತ್ತದೋ ಆ ಬಿಂದು ಆಗ ಗಾಡಿಗಿಂತ ಬೇಗ ಕೆಳಗಿಳಿಯುತ್ತದೆ. ಅಂದರೆ ಗಾಡಿ ತಗ್ಗಿದರೂ ವಾಲುವ ಒತ್ತಡ ಹೆಚ್ಚುತ್ತದೆ. ಮಿತಿ ಮೀರಿ ತಗ್ಗಿಸಿದ ಗಾಡಿ ತಿರುವಿನಲ್ಲಿ ಮೊದಲಿಗಿಂತ ಕೆಟ್ಟದಾಗಿ ನಡೆದುಕೊಳ್ಳುವುದು ಇದೇ ಕಾರಣಕ್ಕೆ. 30 ಮಿ.ಮೀ. ಒಳಗೆ ನಿಂತರೆ ಈ ತೊಂದರೆ ಅಷ್ಟಾಗಿ ಬರುವುದಿಲ್ಲ.

ಹಂಪ್ಸ್ ಅಳೆಯಿರಿ

ಗಾಡಿ ಅಳೆಯುವ ಮುಂಚೆ ರಸ್ತೆ ಅಳೆಯಬೇಕು. ನೀವು ದಿನಾ ಹೋಗುವ ದಾರಿ ಯಾವುದು? ಸೇಡಂ ರಸ್ತೆಯೋ, ಆಳಂದ ರಸ್ತೆಯೋ, ಹುಮನಾಬಾದ್ ಕಡೆಯೋ? ಅಮಾವಾಸ್ಯೆಗೆ ಗಾಣಗಾಪುರಕ್ಕೆ ಹೋಗುವವರಾದರೆ ದಾರಿಯ ಹಳ್ಳಿಗಳ ಹಂಪ್ಸ್‌ಗಳನ್ನೂ ಲೆಕ್ಕಕ್ಕೆ ಹಿಡಿಯಿರಿ. ಅವೇ ನಿಜವಾದ ಪರೀಕ್ಷೆ.

ಹಂಪ್ಸ್ ಹೇಗಿರಬೇಕು ಎಂಬುದಕ್ಕೆ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಅಳತೆ ಇದೆ. ಎತ್ತರ 10 ಸೆಂ.ಮೀ., ಅಗಲ 3.7 ಮೀಟರ್, 17 ಮೀಟರ್ ತ್ರಿಜ್ಯದ ಉಬ್ಬು. ಇಂಥ ಹಂಪ್ಸ್ ಮೇಲೆ ಎರಡೂವರೆ ಮೀಟರ್ ವೀಲ್‌ಬೇಸ್ (ಮುಂದಿನ, ಹಿಂದಿನ ಚಕ್ರಗಳ ನಡುವಿನ ದೂರ) ಇರುವ ಗಾಡಿ ಹೋದರೆ ಏನಾಗುತ್ತದೆ ನೋಡಿ. ನಾಲ್ಕೂ ಚಕ್ರ ಉಬ್ಬಿನ ಮೇಲೇ ಇರುತ್ತವೆ. ಹೊಟ್ಟೆಯ ಕೆಳಗೆ ಏಳುವುದು 4.6 ಸೆಂ.ಮೀ. ಮಾತ್ರ. 30 ಮಿ.ಮೀ. ತಗ್ಗಿಸಿದ ಗಾಡಿಯೂ ಆರಾಮಾಗಿ ದಾಟುತ್ತದೆ.

ನಮ್ಮ ಊರುಗಳಲ್ಲಿ ಇರುವುದು ಇದಲ್ಲ ಅಲ್ವಾ? ಅರ್ಧ ಮೀಟರ್ ಅಗಲ, ಗೇಣುದ್ದ ಎತ್ತರ, ನೆಟ್ಟಗೆ ಎದ್ದು ನಿಂತ ಸಿಮೆಂಟಿನ ದಿಂಡು. ಮುಂದಿನ ಚಕ್ರ ದಾಟಿ ಕೆಳಗಿಳಿದಿರುತ್ತದೆ, ಹಿಂದಿನ ಚಕ್ರ ಇನ್ನೂ ಹತ್ತಿರುವುದಿಲ್ಲ. ಹಂಪ್ಸ್ 15 ಸೆಂ.ಮೀ. ಇದ್ದರೆ ಆ 15 ಸೆಂ.ಮೀ. ಪೂರ್ತಿ ಹೊಟ್ಟೆಗೇ ಬರುತ್ತದೆ. ಓರೆಯಾಗಿ ದಾಟಿಸಿದರೆ ಬಂಪರ್ ಉಳಿಯಬಹುದು. ಇಷ್ಟು ಕಿರಿದಾದ ದಿಂಡಿನ ಮೇಲೆ ಹೊಟ್ಟೆಗೆ ಅದರಿಂದ ಅಂಥ ಉಪಯೋಗವಿಲ್ಲ. ಉದ್ದನೆಯ ಗಾಡಿಗೆ ಇದು ಇನ್ನೂ ಕಷ್ಟ.

ಹಾಗಾಗಿ ಒಂದು ಟೇಪ್, ಒಂದು ನೇರ ಪಟ್ಟಿ ತಗೊಂಡು ನಿಮ್ಮ ದಾರಿಯ ಅತಿ ಕೆಟ್ಟ ಹಂಪ್ಸ್ ಅಳೆಯಿರಿ. ಬೆಳಗ್ಗೆ ಬೇಗ, ಗಾಡಿಗಳ ಓಡಾಟ ಇಲ್ಲದಾಗ. ಆಮೇಲೆ ಗಾಡಿಯಲ್ಲಿ ಐದು ಜನ ಕೂರಿಸಿ, ಡಿಕ್ಕಿ ತುಂಬಿ, ಕೆಳಗಿನ ಅತಿ ತಗ್ಗಿನ ಜಾಗ ನೆಲದಿಂದ ಎಷ್ಟು ಎತ್ತರದಲ್ಲಿದೆ ನೋಡಿ. ಕಂಪನಿ ಹೇಳುವ ಗ್ರೌಂಡ್ ಕ್ಲಿಯರೆನ್ಸ್ ಎಷ್ಟೋ ಸಲ ಖಾಲಿ ಗಾಡಿಯದು. ನಿಮಗೆ ಬೇಕಿರುವುದು ತುಂಬಿದ ಗಾಡಿಯದು.

ಲೆಕ್ಕದ ಮೇಲೆ ನಂಬಿಕೆ ಬರದಿದ್ದರೆ ಇನ್ನೊಂದು ಉಪಾಯವಿದೆ. ಇಂಜಿನ್ ಕೆಳಗಿನ ಗಾರ್ಡ್‌ನ ಅತಿ ತಗ್ಗಿನ ಜಾಗಕ್ಕೆ 30 ಮಿ.ಮೀ. ದಪ್ಪದ ಮೆತ್ತನೆಯ ಫೋಮ್ ತುಂಡನ್ನು ಟೇಪ್‌ನಿಂದ ಭದ್ರವಾಗಿ ಅಂಟಿಸಿ. ಸೈಲೆನ್ಸರ್ ಪೈಪ್ ಹತ್ತಿರ ಬೇಡ, ಬಿಸಿಗೆ ಹತ್ತಿಕೊಳ್ಳುತ್ತದೆ. ಒಂದು ವಾರ ಮಾಮೂಲಿಯಾಗಿ ಓಡಿಸಿ, ಒಂದು ದಿನ ಮನೆಯವರನ್ನೆಲ್ಲ ಕೂರಿಸಿಕೊಂಡು ಹೋಗಿ. ಆಮೇಲೆ ಬಗ್ಗಿ ನೋಡಿ. ಫೋಮ್ ಕಿತ್ತು ಹರಿದಿದ್ದರೆ, ಅಷ್ಟು ತಗ್ಗಿಸಿದ್ದರೆ ಅಲ್ಲಿ ಕಬ್ಬಿಣ ತಾಗುತ್ತಿತ್ತು ಎಂದರ್ಥ. ಹಲವು ಕಾರುಗಳ ಆಯಿಲ್ ಸಂಪ್, ಅಂದರೆ ಇಂಜಿನ್ ಕೆಳಗಿನ ಆಯಿಲ್ ತೊಟ್ಟಿ, ಅಲ್ಯೂಮಿನಿಯಂನದು. ಅದು ಬಗ್ಗುವುದಿಲ್ಲ, ಒಡೆಯುತ್ತದೆ. ಸ್ಪ್ರಿಂಗ್‌ಗೆ ದುಡ್ಡು ಕೊಡುವ ಮುಂಚೆ ಫೋಮ್ ಹೇಳುವ ಮಾತು ಕೇಳಿ.

ಕಾನೂನಿನ ಮಾತು

ಇದನ್ನು ಬಿಟ್ಟು ಮುಂದೆ ಹೋಗಬೇಡಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರುವ ವಿವರಗಳು ಕಂಪನಿ ಮೊದಲು ಕೊಟ್ಟ ವಿವರಕ್ಕೆ ಹೊಂದದಂತೆ ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಸೇರಿದ 182ಎ ಸೆಕ್ಷನ್ ಪ್ರಕಾರ, ಅನುಮತಿಯಿಲ್ಲದ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ 6 ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು.

ಹಾಗಾದರೆ ಸ್ಪ್ರಿಂಗ್ ಬದಲಿಸುವುದು? ಪಾರ್ಟ್ಸ್ ಕೊಳ್ಳುವ ಮುಂಚೆಯೇ ಆರ್‌ಟಿಓಗೆ ಅರ್ಜಿ ಬರೆದು ಕೇಳಿ. ಕಲಬುರಗಿಯವರಿಗೆ ಕೆಎ 32, ಯಾದಗಿರಿಯವರಿಗೆ ಕೆಎ 33, ಬೀದರ್‌ನವರಿಗೆ ಕೆಎ 38ರ ಕಚೇರಿ. ಬಾಯಿಮಾತಿನ ಉತ್ತರ ಬೇಡ, ಕಾಗದದಲ್ಲಿ ತಗೊಳ್ಳಿ. ಈ ವ್ಯಾಗನ್‌ಗಳಲ್ಲಿ ಹೆಚ್ಚಿನವು 15 ವರ್ಷ ದಾಟಿವೆ. ಅಂದರೆ 5 ವರ್ಷಕ್ಕೊಮ್ಮೆ ಗಾಡಿ ತೋರಿಸಿ ನೋಂದಣಿ ನವೀಕರಿಸಬೇಕು. ಆಗ ಇನ್‌ಸ್ಪೆಕ್ಟರ್ ಮುಂದೆ ತಡವರಿಸುವುದಕ್ಕಿಂತ ಈಗಲೇ ಕೇಳುವುದು ಮೇಲು. ಒಪ್ಪಿಗೆ ಸಿಗದಿದ್ದರೆ ಕೆಲಸ ಅಲ್ಲಿಗೇ ನಿಲ್ಲಿಸಿ. ಇನ್ಶೂರೆನ್ಸ್ ಕಂಪನಿಗೂ ಬರೆದು ತಿಳಿಸಿ. ಹೇಳದೆ ಬದಲಿಸಿದ ಗಾಡಿಗೆ ಅಪಘಾತವಾದರೆ ಕ್ಲೇಮ್ ತಿರಸ್ಕರಿಸಲು ಅವರಿಗೆ ಅದೇ ನೆಪ ಸಾಕು.

ಯಾವ ಪಾರ್ಟ್ಸ್ ತರಿಸಬೇಕು

ಗ್ಯಾರೇಜಿಗೆ ಹೋಗಿ ಗಾಡಿ ತಗ್ಗಿಸಬೇಕು ಎಂದರೆ ಎಷ್ಟೋ ಕಡೆ ಮೊದಲು ಬರುವ ಮಾತು ಇದು: "ಹೊಸಾದು ಯಾಕ್ರಿ ಸರ್, ಒಂದ್ ಸುತ್ತ ಕಟ್ ಮಾಡಿ ಕೊಡ್ತೀನಿ, ಏನೂ ಆಗಂಗಿಲ್ಲ." ಇದಕ್ಕೆ ಒಪ್ಪಬೇಡಿ. "ಬ್ಯಾಡ್ರಿ ಉಸ್ತಾದ್, ಹೊಸಾದೇ ತರಸ್ತೀನಿ" ಎಂದು ಹೇಳಿ ಬನ್ನಿ.

ಕಾರಣಗಳಿವೆ. ಗ್ಯಾಸ್ ಕಟರ್‌ನ ಬಿಸಿಗೆ ಸ್ಪ್ರಿಂಗ್ ಉಕ್ಕಿನ ಹದ ಕೆಡುತ್ತದೆ, ಆ ಜಾಗದಲ್ಲಿ ಅದು ಮುರಿಯಬಹುದು. ಸ್ಪ್ರಿಂಗ್‌ನ ತುದಿ ತನ್ನ ಸೀಟಿನಲ್ಲಿ, ಅಂದರೆ ಅದು ಕೂರುವ ಬಟ್ಟಲಿನಲ್ಲಿ, ಸರಿಯಾಗಿ ಕೂರುವಂತೆ ಮಾಡಿರುತ್ತಾರೆ, ಕತ್ತರಿಸಿದ ತುದಿ ಹಾಗೆ ಕೂರುವುದಿಲ್ಲ. ಎಲ್ಲಕ್ಕಿಂತ ದೊಡ್ಡ ಅಪಾಯ ಚಕ್ರ ತಗ್ಗಿಗೆ ಇಳಿದಾಗ ಬರುತ್ತದೆ. ಶಾಕಪ್ ಪೂರ್ತಿ ಚಾಚುತ್ತದೆ, ಗಿಡ್ಡ ಸ್ಪ್ರಿಂಗ್ ಸಡಿಲವಾಗಿ ಜಾಗ ಬಿಟ್ಟು ಸರಿಯುತ್ತದೆ. ವೇಗದಲ್ಲಿದ್ದಾಗ ಹೀಗಾದರೆ ಗಾಡಿ ಕೈಗೆ ಸಿಗುವುದಿಲ್ಲ.

ಸರಿಯಾದ ದಾರಿ ಎರಡು. ಮೊದಲನೆಯದು ನಿಮ್ಮ ಗಾಡಿಯ ಕಂಪನಿಯದ್ದೇ ತಗ್ಗಿನ ಸ್ಪ್ರಿಂಗ್. ಅದೇ ಮಾಡೆಲ್‌ಗೆ ಯುರೋಪಿನಲ್ಲಿ ಮಾಮೂಲಿ ಸಸ್ಪೆನ್ಶನ್, ಸ್ಪೋರ್ಟ್ಸ್ ಸಸ್ಪೆನ್ಶನ್, ಕೆಟ್ಟ ರಸ್ತೆಯ ಸಸ್ಪೆನ್ಶನ್ ಎಂದು ಬೇರೆ ಬೇರೆ ಇರುತ್ತವೆ. ಎತ್ತರಿಸಿದ ಸ್ಪ್ರಿಂಗ್ ತೆಗೆದು ಅಲ್ಲಿಯ ಮಾಮೂಲಿ ಸ್ಪ್ರಿಂಗ್ ಹಾಕಿದರೇ ಕಮಾನಿನ ಜಾಗ ಕಡಿಮೆಯಾಗುತ್ತದೆ. ನನಗೆ ಈ ದಾರಿಯೇ ಹೆಚ್ಚು ಇಷ್ಟ. ಅದೇ ಗಾಡಿಗೆ ಅಂತಲೇ ಕಂಪನಿ ಲೆಕ್ಕ ಹಾಕಿ ಮಾಡಿದ ಪಾರ್ಟ್ಸ್ ಅವು.

ಎರಡನೆಯದು ಐಬಾಕ್, ಎಚ್ ಆಂಡ್ ಆರ್‌ನಂಥ ಕಂಪನಿಗಳ ತಗ್ಗಿನ ಸ್ಪ್ರಿಂಗ್. ಎರಡೂ ಜರ್ಮನಿಯವು. ಆಕ್ಟೇವಿಯಾ ಕಾಂಬಿ ಇದ್ದವರಿಗೆ ಇದು ಸುಲಭ. ಮೊದಲ ತಲೆಮಾರಿನ ಆಕ್ಟೇವಿಯಾ ಮತ್ತು ನಾಲ್ಕನೇ ತಲೆಮಾರಿನ ಫೋಕ್ಸ್‌ವ್ಯಾಗನ್ ಗಾಲ್ಫ್ ಒಂದೇ ಪ್ಲಾಟ್‌ಫಾರ್ಮ್ ಮೇಲಿವೆ, ಹಾಗಾಗಿ ಆಯ್ಕೆ ಬಹಳ.

ಇಲ್ಲಿ ವ್ಯಾಗನ್‌ನವರು ಒಂದು ವಿಷಯ ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಹಿಂದಿನ ಸ್ಪ್ರಿಂಗ್ ವ್ಯಾಗನ್‌ನದ್ದೇ ಆಗಿರಬೇಕು. ಹೊರಗಿನಿಂದ ಒಂದೇ ಥರ ಕಂಡರೂ ಹ್ಯಾಚ್‌ಬ್ಯಾಕ್ ಸ್ಪ್ರಿಂಗ್ ಬೇರೆ. ವ್ಯಾಗನ್‌ಗೆ ಹಿಂದೆ ಮೈ ಭಾರ ಜಾಸ್ತಿ, ಹೊರುವ ಸಾಮಾನೂ ಜಾಸ್ತಿ. ಉದಾಹರಣೆಗೆ ಹಿಂದಿನ ಪ್ರತಿ ಚಕ್ರದ ಬಳಿ ಸ್ಪ್ರಿಂಗ್ ಒಂದು ಮಿ.ಮೀ. ಕುಗ್ಗಲು 30 ನ್ಯೂಟನ್ ಬಲ ಬೇಕು ಎಂದಿಟ್ಟುಕೊಳ್ಳಿ. ಗಂಜ್‌ನಿಂದ 50 ಕಿಲೋದ ಎರಡು ತೊಗರಿ ಚೀಲ ತಂದು ಹಿಂದಿನ ಆಕ್ಸಲ್ ಮೇಲೆ ಇಟ್ಟರೆ ಗಾಡಿ ಇನ್ನೂ 16 ಮಿ.ಮೀ. ಕೂರುತ್ತದೆ. ಮೊದಲೇ 30 ಇಳಿಸಿದ್ದೀರಿ. ಒಟ್ಟು 46 ಆಯಿತು. ಹಗುರ ಸ್ಪ್ರಿಂಗ್ ಹಾಕಿದ್ದರೆ ಇನ್ನೂ ಜಾಸ್ತಿ, ಬಂಪ್ ಸ್ಟಾಪ್ (ಚಕ್ರ ಮಿತಿ ಮೀರಿ ಮೇಲೇರದಂತೆ ತಡೆಯುವ ರಬ್ಬರ್ ತುಂಡು) ಮೇಲೇ ಗಾಡಿ ಕುಣಿಯುತ್ತದೆ.

ಮುಂದಿನ ಸ್ಪ್ರಿಂಗ್ ಇಂಜಿನ್ ನೋಡಿ ಆರಿಸಬೇಕು. ಡೀಸೆಲ್ ಇಂಜಿನ್ ಪೆಟ್ರೋಲ್‌ಗಿಂತ ಭಾರ. ಹಳೆಯ ಸ್ಪ್ರಿಂಗ್ ಮೇಲೆ ಬಣ್ಣದ ಚುಕ್ಕೆಗಳಿದ್ದರೆ ತೊಳೆದು ಫೋಟೋ ತೆಗೆದಿಟ್ಟುಕೊಳ್ಳಿ, ಅದು ತೂಕದ ಗುರುತು. ಆಕ್ಟೇವಿಯಾದಲ್ಲಿ ಸ್ಟೆಪ್ನಿ ಇಡುವ ಗುಂಡಿಯ ಬಳಿ ಅಂಟಿಸಿದ ಕಾಗದದಲ್ಲಿ ಸಣ್ಣ ಕೋಡ್‌ಗಳಿರುತ್ತವೆ. ಸ್ಪ್ರಿಂಗ್ ತರಿಸುವಾಗ ಅದನ್ನೂ ಕಳಿಸಿ.

ಶಾಕಪ್ ಹಳೆಯದನ್ನೇ ಇಡಬಹುದಾ? ಬೇಡ. ಇಷ್ಟು ವರ್ಷ ಓಡಿದ ಶಾಕಪ್ ಮೆತ್ತಗಾಗಿರುತ್ತದೆ, ಗಟ್ಟಿ ಸ್ಪ್ರಿಂಗನ್ನು ಹಿಡಿದಿಡುವ ಶಕ್ತಿ ಅದಕ್ಕಿರುವುದಿಲ್ಲ. ಗಾಡಿ ಕುಪ್ಪಳಿಸುತ್ತದೆ. ಬಿಲ್‌ಸ್ಟೀನ್ ಕಂಪನಿಯಲ್ಲಿ ಬಿ6 ಮಾಮೂಲಿ ಎತ್ತರಕ್ಕೆ, ಬಿ8 ತಗ್ಗಿಸಿದ ಗಾಡಿಗೆಂದೇ ಗಿಡ್ಡ ಮಾಡಿದ್ದು. ಕೋನಿಯದ್ದೂ ಒಳ್ಳೆಯದು. ಕಂಪನಿಯ ಮಾಮೂಲಿ ಸ್ಪ್ರಿಂಗ್ ಹಾಕುವವರು ಅದಕ್ಕೆ ಜೋಡಿಯಾದ ಕಂಪನಿ ಶಾಕಪ್ ಹಾಕಿದರೆ ಸಾಕು.

ಎತ್ತರ ತಿರುಗಿಸಿ ಹೊಂದಿಸುವ ಕಾಯಿಲ್‌ಓವರ್ ಬಗ್ಗೆ ಕೇಳುತ್ತಾರೆ. ಈ ಭಾಗಕ್ಕೆ ನಾನು ಅದನ್ನು ಹೇಳುವುದಿಲ್ಲ. ಸೇಡಂ, ಚಿತ್ತಾಪುರ, ವಾಡಿ ಕಡೆಯ ಸುಣ್ಣಕಲ್ಲಿನ ಧೂಳು, ಮಳೆಗಾಲದ ಎರೆಮಣ್ಣು ಎರಡೂ ಆ ಥ್ರೆಡ್‌ಗಳಲ್ಲಿ ತುಂಬಿ ಗಟ್ಟಿಯಾಗುತ್ತವೆ. ತಿರುಗಿಸಲಿಕ್ಕೆಂದು ಕೊಂಡದ್ದು ಆಮೇಲೆ ತಿರುಗುವುದೇ ಇಲ್ಲ.

ಇವುಗಳ ಜೊತೆಗೆ ತರಿಸಬೇಕಾದ ಸಣ್ಣ ಸಾಮಾನು: ಮುಂದಿನ ಸ್ಟ್ರಟ್‌ನ ಮೇಲ್ತುದಿಯನ್ನು ಮೈಗೆ ಹಿಡಿಸುವ ಟಾಪ್ ಮೌಂಟ್ ಮತ್ತು ಬೇರಿಂಗ್, ಬಂಪ್ ಸ್ಟಾಪ್, ಧೂಳು ತಡೆಯುವ ಬೂಟ್, ಹಿಂದಿನ ಸ್ಪ್ರಿಂಗ್ ಕೆಳಗೂ ಮೇಲೂ ಕೂರುವ ರಬ್ಬರ್, ವಾಲುವುದನ್ನು ತಡೆಯುವ ಬಾರ್ ಅನ್ನು ಚಕ್ರದ ಕಡೆಗೆ ಜೋಡಿಸುವ ಲಿಂಕ್ ರಾಡ್, ಮತ್ತು ಒಮ್ಮೆ ಬಿಗಿದ ಮೇಲೆ ಮತ್ತೆ ಬಳಸಬಾರದ ಬೋಲ್ಟ್, ನಟ್‌ಗಳು. ಬಂಪ್ ಸ್ಟಾಪ್ ಮರೆಯಬೇಡಿ. ಚಕ್ರ ಮೇಲೆ ಹೋಗಲು ಮೊದಲು 80 ಮಿ.ಮೀ. ಜಾಗವಿದ್ದರೆ 30 ಇಳಿಸಿದ ಮೇಲೆ ಉಳಿಯುವುದು 50. ಗಾಡಿ ಎಷ್ಟು ಕೆಳಗೆ ಬಂದು ನಿಲ್ಲಬೇಕು ಎಂಬುದನ್ನು ಕೊನೆಗೆ ತೀರ್ಮಾನಿಸುವುದು ಆ ರಬ್ಬರ್ ತುಂಡೇ. ಸ್ಪ್ರಿಂಗ್ ಕಂಪನಿ ಹೇಳಿದಷ್ಟೇ ಗಿಡ್ಡದು ಹಾಕಿ. ಜಾಗ ಜಾಸ್ತಿ ಸಿಗಲಿ ಎಂದು ತೆಗೆದೇ ಹಾಕಿದರೆ ಟೈರ್ ಕಮಾನಿಗೆ ತಾಗುತ್ತದೆ, ಶಾಕಪ್ ಒಳಗೆ ಕುಟ್ಟಿ ಹಾಳಾಗುತ್ತದೆ.

ಜಾಗ, ಜಾಕ್, ಹೊತ್ತು

ಬೇಸಿಗೆಯಲ್ಲಿ ಇಲ್ಲಿ 40 ಡಿಗ್ರಿ ದಾಟುತ್ತದೆ. ನಸುಕಿನಲ್ಲೇ ಶುರು ಮಾಡಿ. ಬಿಸಿಲೇರಿದ ಮೇಲೆ ಪಾನಾ ಮುಟ್ಟಲಾಗುವುದಿಲ್ಲ, ಅವಸರದಲ್ಲಿ ತಪ್ಪಾಗುತ್ತದೆ.

ನೆಲದ ಮಾತು ಮುಖ್ಯ. ನಮ್ಮ ಮನೆಗಳ ಅಂಗಳದಲ್ಲಿ ಶಹಾಬಾದ್ ಕಲ್ಲಿನ ಫರ್ಸಿ ಇರುತ್ತದೆ. ಅದರ ಕೆಳಗೆ ಮಣ್ಣು ಕುಸಿದು ಪೊಳ್ಳಾಗಿದ್ದರೆ ಜಾಕ್ ಇಟ್ಟ ಜಾಗದಲ್ಲಿ ಕಲ್ಲು ಟಪ್ಪಂತ ಒಡೆಯುತ್ತದೆ, ಸ್ಟ್ಯಾಂಡ್ ವಾಲುತ್ತದೆ. ಎರೆಮಣ್ಣಿನ ನೆಲ ಇನ್ನೂ ಮೋಸ, ಒಣಗಿದಾಗ ಕಲ್ಲಿನಂತೆ ಕಂಡರೂ ಬಿರುಕು ಇರುವಲ್ಲಿ ಒಳಗೆ ಹೋಗುತ್ತದೆ. ಕಾಂಕ್ರೀಟ್ ನೆಲ ಹುಡುಕಿ. ಸಿಗದಿದ್ದರೆ ಪರಿಚಯದ ಗ್ಯಾರೇಜಿನಲ್ಲಿ ಒಂದು ದಿನ ಜಾಗ ಕೇಳಿ. ಕಾಂಕ್ರೀಟ್ ಮೇಲೂ ಸ್ಟ್ಯಾಂಡ್ ಕೆಳಗೆ ದಪ್ಪ ಹಲಗೆ ಇಡಿ. ಜಾಕ್ ಎತ್ತಲಿಕ್ಕೆ ಮಾತ್ರ. ಗಾಡಿ ನಿಲ್ಲಬೇಕಾದ್ದು ಸ್ಟ್ಯಾಂಡ್ ಮೇಲೆ. ಇಟ್ಟಿಗೆ, ಸಿಮೆಂಟ್ ಬ್ಲಾಕ್ ಬೇಡವೇ ಬೇಡ.

ಹಿಂದಿನ ದಿನವೇ ಬೋಲ್ಟ್‌ಗಳಿಗೆಲ್ಲ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಡಿ. ಬೇಕಾಗುವುದು ಒಳ್ಳೆಯ ಸಾಕೆಟ್ ಸೆಟ್, ಉದ್ದ ಹಿಡಿ, ಆಲನ್ ಕೀ, ಬಿಗಿತ ಅಳೆದು ಬಿಗಿಯುವ ಟಾರ್ಕ್ ರೆಂಚ್, ಎರಡು ಜಾಕ್, ಎರಡು ಜೋಡಿ ಸ್ಟ್ಯಾಂಡ್, ಮುಂದಿನ ಕೆಲಸಕ್ಕೆ ಸ್ಪ್ರಿಂಗ್ ಕಂಪ್ರೆಸರ್. ನಿಮ್ಮ ಗಾಡಿಯ ವರ್ಕ್‌ಶಾಪ್ ಮ್ಯಾನುಯಲ್‌ನಿಂದ ಪ್ರತಿ ಬೋಲ್ಟ್‌ನ ಬಿಗಿತದ ಅಂಕಿ ಬರೆದಿಟ್ಟುಕೊಳ್ಳಿ. ಅಂದಾಜಿನ ಬಿಗಿತ ಈ ಕೆಲಸಕ್ಕೆ ಆಗುವುದಿಲ್ಲ.

ಶುರು ಮಾಡುವ ಮುಂಚೆ ನಾಲ್ಕೂ ಕಡೆ ಚಕ್ರದ ನಡುಬಿಂದುವಿನಿಂದ ಕಮಾನಿನ ಅಂಚಿನವರೆಗೆ ಅಳೆದು ಬರೆದಿಡಿ. ನೆಲದಿಂದ ಅಳೆದರೆ ಟೈರ್ ಗಾಳಿ ಲೆಕ್ಕ ತಪ್ಪಿಸುತ್ತದೆ.

ಹಿಂದಿನಿಂದ ಶುರು ಮಾಡಿ

ಆಕ್ಟೇವಿಯಾ ಕಾಂಬಿಯಂಥ ಗಾಡಿಯಲ್ಲಿ ಹಿಂದೆ ಟಾರ್ಶನ್ ಬೀಮ್, ಅಂದರೆ ಎರಡೂ ಚಕ್ರಗಳನ್ನು ಜೋಡಿಸುವ ಉಕ್ಕಿನ ಅಡ್ಡ ತೊಲೆ, ಇರುತ್ತದೆ. ಸ್ಪ್ರಿಂಗ್ ಬೇರೆ, ಶಾಕಪ್ ಬೇರೆ. ಕಂಪ್ರೆಸರ್ ಬೇಕಿಲ್ಲ. ಕೈ ಪಳಗಲು ಇದೇ ಸರಿ. ಹಿಂದೆಯೂ ಸ್ಟ್ರಟ್ ಇರುವ ಗಾಡಿಯಾದರೆ ಮುಂದೆ ಹೇಳುವ ಸ್ಟ್ರಟ್‌ನ ಕ್ರಮವನ್ನೇ ಇಲ್ಲೂ ಹಿಡಿಯಬೇಕು.

ಮುಂದಿನ ಚಕ್ರಗಳಿಗೆ ಅಡ್ಡ ಕಟ್ಟಿಗೆ ಕೊಡಿ, ಗೇರಿನಲ್ಲಿ ನಿಲ್ಲಿಸಿ. ಹಿಂದಿನ ಚಕ್ರದ ಬೋಲ್ಟ್‌ಗಳನ್ನು ನೆಲದಲ್ಲಿರುವಾಗಲೇ ಸಡಿಲಿಸಿ. ಎತ್ತಿ, ಮೈಯ ಗಟ್ಟಿ ಜಾಗಕ್ಕೆ ಸ್ಟ್ಯಾಂಡ್ ಕೊಡಿ, ಚಕ್ರ ತೆಗೆಯಿರಿ. ಈಗ ಬೀಮ್ ಕೆಳಗೆ ಜಾಕ್ ಕೊಟ್ಟು ಸ್ವಲ್ಪ ಎತ್ತಿ ಹಿಡಿಯಿರಿ. ಎರಡೂ ಕಡೆಯ ಶಾಕಪ್‌ನ ಕೆಳಗಿನ ಬೋಲ್ಟ್ ಬಿಚ್ಚಿ. ಜಾಕ್ ನಿಧಾನಕ್ಕೆ ಇಳಿಸಿ. ಇಳಿಸುವಾಗ ಬ್ರೇಕ್ ಪೈಪ್, ಎಬಿಎಸ್ ವೈರ್, ಹ್ಯಾಂಡ್‌ಬ್ರೇಕ್ ಕೇಬಲ್ ಎಳೆದಾಡುತ್ತಿಲ್ಲ ಎಂದು ಒಬ್ಬರು ನೋಡುತ್ತಿರಬೇಕು. ಬೀಮ್ ಇಳಿದಂತೆ ಸ್ಪ್ರಿಂಗ್ ಸಡಿಲವಾಗಿ ಕೈಗೆ ಬರುತ್ತದೆ.

ಸ್ಪ್ರಿಂಗ್ ಕೂರುವ ಬಟ್ಟಲಿನಲ್ಲಿ ವರ್ಷಗಳ ಮಣ್ಣು ಇರುತ್ತದೆ. ಕೆರೆದು, ತೊಳೆದು, ತುಕ್ಕು ಇದ್ದರೆ ಬಣ್ಣ ಹಚ್ಚಿ. ಹೊಸ ರಬ್ಬರ್ ಹಾಕಿ, ಹೊಸ ಸ್ಪ್ರಿಂಗ್‌ನ ತುದಿಯನ್ನು ರಬ್ಬರ್‌ನ ತಡೆಗೆ ತಾಗುವಂತೆ ತಿರುಗಿಸಿ ಕೂರಿಸಿ. ತುದಿ ಸರಿಯಾಗಿ ಕೂರದಿದ್ದರೆ ಓಡುವಾಗ ಕಟಕಟ ಸದ್ದು ಬರುತ್ತದೆ, ಎತ್ತರವೂ ಎರಡು ಕಡೆ ಬೇರೆಯಾಗುತ್ತದೆ. ಹಳೆಯ ಶಾಕಪ್‌ನ ಮೇಲಿನ ಬೋಲ್ಟ್‌ಗಳನ್ನು ಬಿಚ್ಚಿ ಹೊಸದು ಹಾಕಿ. ಬೀಮ್ ಎತ್ತಿ ಕೆಳಗಿನ ಬೋಲ್ಟ್ ತೂರಿಸಿ.

ಈಗ ನಿಲ್ಲಿ. ಬುಶ್ (ಜೋಡಣೆಯ ಒಳಗಿನ ರಬ್ಬರ್ ಸುತ್ತು) ಇರುವ ಬೋಲ್ಟ್‌ಗಳನ್ನು ಚಕ್ರ ನೇತಾಡುವಾಗ ಪೂರ್ತಿ ಬಿಗಿಯಬಾರದು. ಆ ಸ್ಥಿತಿಯಲ್ಲಿ ಬಿಗಿದರೆ ಗಾಡಿ ಇಳಿಸಿದ ಕೂಡಲೇ ರಬ್ಬರ್ ಬುಶ್ ತಿರುಚಿಕೊಂಡೇ ಇರುತ್ತದೆ. ಗಾಡಿ ಹೇಳಿದಷ್ಟು ತಗ್ಗುವುದಿಲ್ಲ, ಬುಶ್ ಬೇಗ ಹರಿಯುತ್ತದೆ. ಬೀಮ್ ಅನ್ನು ಜಾಕ್‌ನಿಂದ ಗಾಡಿ ನಿಲ್ಲುವ ಎತ್ತರಕ್ಕೆ ಎತ್ತಿ, ಆಗ ಟಾರ್ಕ್ ರೆಂಚ್ ಹಿಡಿಯಿರಿ. ಬೀಮ್‌ನ ಮುಂದಿನ ದೊಡ್ಡ ಬುಶ್‌ಗಳ ಬೋಲ್ಟ್‌ಗಳನ್ನೂ ಸಡಿಲಿಸಿ ಇದೇ ಎತ್ತರದಲ್ಲಿ ಮತ್ತೆ ಬಿಗಿದರೆ ಒಳ್ಳೆಯದು. ಗ್ಯಾರೇಜಿನಲ್ಲಿ ಮಾಡಿಸಿದರೂ ಇದೊಂದನ್ನು ಎದುರಿಗೆ ನಿಂತು ನೋಡಿ. ಅವಸರದ ಕೆಲಸದಲ್ಲಿ ಮೊದಲು ಬಿಟ್ಟುಹೋಗುವುದು ಇದೇ.

ಮುಂದಿನ ಸ್ಟ್ರಟ್

ಇಲ್ಲಿ ಸ್ಪ್ರಿಂಗ್ ಶಾಕಪ್ ಮೇಲೇ ಕೂತಿರುತ್ತದೆ, ಒತ್ತಡದಲ್ಲಿರುತ್ತದೆ. ಅದರೊಳಗೆ ಎಷ್ಟು ಬಲ ಅಡಗಿದೆ ಗೊತ್ತಾ? ಮಿ.ಮೀ.ಗೆ 30 ನ್ಯೂಟನ್‌ನ ಸ್ಪ್ರಿಂಗನ್ನು 150 ಮಿ.ಮೀ. ಅದುಮಿದರೆ, 30 ಕಿಲೋಗೂ ಮಿಕ್ಕಿದ ಕಲ್ಲು ಒಂದು ಮೀಟರ್ ಎತ್ತರದಿಂದ ಮುಖದ ಮೇಲೆ ಬಿದ್ದಷ್ಟು. ಕಂಪ್ರೆಸರ್ ಅಗ್ಗದ್ದು ಬೇಡ. ನಿಮ್ಮಲ್ಲಿ ಒಳ್ಳೆಯದಿಲ್ಲದಿದ್ದರೆ ಸ್ಟ್ರಟ್ ಬಿಚ್ಚಿಕೊಂಡು, ಗೋಡೆಗೆ ಕೂರಿಸಿದ ಕಂಪ್ರೆಸರ್ ಇರುವ ಗ್ಯಾರೇಜಿಗೆ ಒಯ್ದು ಅಷ್ಟನ್ನು ಅಲ್ಲೇ ಮಾಡಿಸಿ. ಇದರಲ್ಲಿ ಉಳಿತಾಯ ನೋಡಬೇಡಿ.

ಮುಂದೆ ಎತ್ತಿ, ಸ್ಟ್ಯಾಂಡ್ ಕೊಟ್ಟು, ಚಕ್ರ ತೆಗೆದ ಮೇಲೆ ಬ್ರೇಕ್ ಪೈಪ್ ಮತ್ತು ಎಬಿಎಸ್ ವೈರನ್ನು ಸ್ಟ್ರಟ್‌ನಿಂದ ಬಿಡಿಸಿ. ಲಿಂಕ್ ರಾಡ್ ಬಿಚ್ಚಿ. ಬ್ರೇಕ್‌ನ ಕ್ಯಾಲಿಪರ್ ಬಿಚ್ಚಬೇಕಾಗಿ ಬಂದರೆ ತಂತಿಯಿಂದ ಕಟ್ಟಿ ನೇತುಹಾಕಿ, ಪೈಪ್ ಮೇಲೆ ಭಾರ ಬೀಳಬಾರದು. ಆಕ್ಟೇವಿಯಾದಲ್ಲಿ ಸ್ಟ್ರಟ್‌ನ ಕೆಳತುದಿ ಚಕ್ರದ ಹೌಸಿಂಗ್ ಒಳಗೆ ತೂರಿ ಒಂದು ಅಡ್ಡ ಬೋಲ್ಟ್‌ನಿಂದ ಬಿಗಿದಿರುತ್ತದೆ. ಬೋಲ್ಟ್ ತೆಗೆದು, ಸೀಳಿನಲ್ಲಿ ಅಗಲಿಸುವ ಉಪಕರಣ ತೂರಿಸಿ ತಿರುಗಿಸಿದರೆ ಹಿಡಿತ ಸಡಿಲುತ್ತದೆ. ಉಳಿ ಹಾಕಿ ಸುತ್ತಿಗೆಯಿಂದ ಹೊಡೆಯಬೇಡಿ, ಹೌಸಿಂಗ್ ಬಿರುಕು ಬಿಡುತ್ತದೆ. ಬೇರೆ ಹಲವು ಗಾಡಿಗಳಲ್ಲಿ ಎರಡು ದೊಡ್ಡ ಬೋಲ್ಟ್‌ಗಳಿರುತ್ತವೆ. ಅವುಗಳ ಜಾಗವನ್ನು ಬಿಚ್ಚುವ ಮುಂಚೆ ಗುರುತು ಮಾಡಿ, ಕ್ಯಾಂಬರ್, ಅಂದರೆ ಚಕ್ರ ಒಳಕ್ಕೋ ಹೊರಕ್ಕೋ ವಾಲಿರುವ ಕೋನ, ನಿಂತಿರುವುದು ಅದರ ಮೇಲೆ.

ಹೌಸಿಂಗ್ ಕೆಳಗಿಳಿಯುವಾಗ ಆಕ್ಸಲ್ ಜಾಯಿಂಟ್ ಹೊರಕ್ಕೆ ಎಳೆಯದಂತೆ ಕೈ ಕೊಡಿ. ಸ್ಟ್ರಟ್ ಬೀಳದಂತೆ ಹಿಡಿದುಕೊಳ್ಳಲು ಒಬ್ಬರು ಬೇಕು. ಆಮೇಲೆ ಬಾನೆಟ್ ಕಡೆಯಿಂದ ಮೇಲಿನ ಹಿಡಿತ ಬಿಚ್ಚಿ ಹೊರತೆಗೆಯಿರಿ. ಸ್ಪ್ರಿಂಗ್ ಎರಡೂ ಸೀಟಿನಿಂದ ಬಿಡುವವರೆಗೆ ಕಂಪ್ರೆಸರ್‌ನಿಂದ ಸಮನಾಗಿ ಅದುಮಿ. ಅದು ಕೈಗೆ ಅಲ್ಲಾಡುವ ತನಕ ನಡುವಿನ ನಟ್ ಮುಟ್ಟಬೇಡಿ. ಶಾಕಪ್ ರಾಡ್ ತಿರುಗಿದರೆ ಆಲನ್ ಕೀಯಿಂದ ಹಿಡಿಯಿರಿ. ಹೊಸ ಶಾಕಪ್‌ನ ರಾಡನ್ನು ಇಕ್ಕಳದಿಂದ ಯಾವ ಕಾರಣಕ್ಕೂ ಹಿಡಿಯಬೇಡಿ. ಒಂದು ಗೀರು ಬಿದ್ದರೆ ಸೀಲ್ ಹರಿದು ಆಯಿಲ್ ಸೋರುತ್ತದೆ.

ಹೊಸ ಶಾಕಪ್ ಮೇಲೆ ಬಂಪ್ ಸ್ಟಾಪ್, ಬೂಟ್, ಸ್ಪ್ರಿಂಗ್, ಬೇರಿಂಗ್, ಟಾಪ್ ಮೌಂಟ್ ಕ್ರಮವಾಗಿ ಕೂರಿಸಿ. ನಮ್ಮ ಧೂಳಿನಲ್ಲಿ ಬೂಟ್ ಇಲ್ಲದ ಶಾಕಪ್ ಬಾಳುವುದಿಲ್ಲ. ನಟ್ ಬಿಗಿದು, ಸ್ಪ್ರಿಂಗ್ ತುದಿ ಜಾಗದಲ್ಲಿದೆ ಎಂದು ನೋಡುತ್ತಾ ಕಂಪ್ರೆಸರ್ ಸಡಿಲಿಸಿ. ಜೋಡಿಸುವುದು ಬಿಚ್ಚಿದ್ದರ ಉಲ್ಟಾ. ಹೊಸ ಬೋಲ್ಟ್‌ಗಳನ್ನೇ ಹಾಕಿ.

ಇಳಿಸಿದ ಮೇಲೆ

ಮೊದಲ ಕೆಲವು ದಿನ ಸ್ಪ್ರಿಂಗ್ ಇನ್ನೂ ಸ್ವಲ್ಪ ಕೂರುತ್ತದೆ. ಕೆಲಸ ಮುಗಿದ ದಿನವೇ ಅಲೈನ್‌ಮೆಂಟ್ ಅಂಗಡಿಗೆ ಓಡಬೇಡಿ. ಒಂದು ವಾರ ನಿಧಾನಕ್ಕೆ ಓಡಿಸಿ, ಮತ್ತೆ ನಾಲ್ಕೂ ಕಡೆ ಅಳೆಯಿರಿ. ಎಡ ಬಲ ಹೆಚ್ಚುಕಮ್ಮಿ ಒಂದೇ ಇದ್ದರೆ ಆಗ ಅಲೈನ್‌ಮೆಂಟ್ ಮಾಡಿಸಿ. ಗಾಡಿ ತಗ್ಗಿದಾಗ ಟೋ (ಮೇಲಿನಿಂದ ನೋಡಿದಾಗ ಚಕ್ರದ ಮುಂದಿನ ಅಂಚು ಒಳಕ್ಕೋ ಹೊರಕ್ಕೋ ತಿರುಗಿರುವುದು) ಬದಲಾಗುತ್ತದೆ, ಚಕ್ರದ ಮೇಲ್ತುದಿ ಒಳಕ್ಕೆ ವಾಲುತ್ತದೆ. ಟೋ ತಪ್ಪಿದ್ದರೆ ಟೈರ್‌ನ ಒಳಅಂಚು ಗೊತ್ತಾಗದೆ ಸವೆದುಹೋಗುತ್ತದೆ.

ಹೆಡ್‌ಲೈಟ್ ಹೊಂದಿಸಿ. ಹಿಂದೆಗಿಂತ ಮುಂದೆ ಜಾಸ್ತಿ ಇಳಿದಿದ್ದರೆ ಬೆಳಕು ಹತ್ತಿರ ಬೀಳುತ್ತದೆ. ಹಿಂದೆ ಜಾಸ್ತಿ ಇಳಿದಿದ್ದರೆ ಎದುರಿನವರ ಕಣ್ಣಿಗೆ ಹೊಡೆಯುತ್ತದೆ.

ಬ್ರೇಕ್ ಬಗ್ಗೆ ಒಂದು ಎಚ್ಚರ. ಕೆಲವು ಹಳೆಯ ಗಾಡಿಗಳಲ್ಲಿ ಹಿಂದಿನ ಆಕ್ಸಲ್‌ಗೂ ಮೈಗೂ ನಡುವೆ ಸಣ್ಣ ಸ್ಪ್ರಿಂಗ್ ಅಥವಾ ಕಡ್ಡಿ ಜೋಡಿಸಿದ ಒಂದು ವಾಲ್ವ್ ಇರುತ್ತದೆ. ಸಾಮಾನು ತುಂಬಿ ಹಿಂದೆ ಕೂತಾಗ ಹಿಂದಿನ ಬ್ರೇಕ್‌ಗೆ ಜಾಸ್ತಿ ಒತ್ತಡ ಕಳಿಸುವುದು ಅದರ ಕೆಲಸ. ನೀವು ಗಾಡಿ ತಗ್ಗಿಸಿದರೆ ಸದಾ ಸಾಮಾನು ತುಂಬಿದೆ ಎಂದೇ ಅದು ತಿಳಿಯುತ್ತದೆ. ಖಾಲಿ ಗಾಡಿಯಲ್ಲಿ ಜೋರಾಗಿ ಬ್ರೇಕ್ ಒತ್ತಿದರೆ ಹಿಂದಿನ ಚಕ್ರ ಮೊದಲು ಲಾಕ್ ಆಗಿ ಗಾಡಿ ತಿರುಗಬಹುದು. ಮಳೆಯಲ್ಲಿ ಇದು ಜೀವಕ್ಕೆ ಅಪಾಯ. ಬಗ್ಗಿ ನೋಡಿ, ಆ ವಾಲ್ವ್ ಇದ್ದರೆ ಮ್ಯಾನುಯಲ್ ಪ್ರಕಾರ ಹೊಂದಿಸದೆ ರಸ್ತೆಗೆ ಇಳಿಸಬೇಡಿ.

ಸ್ಟೀರಿಂಗ್ ಪೂರ್ತಿ ತಿರುಗಿಸಿ, ನಾಲ್ಕು ಜನ ಕೂರಿಸಿ, ಟೈರ್ ಎಲ್ಲೂ ಉಜ್ಜುತ್ತಿಲ್ಲ ಎಂದು ಖಾತ್ರಿ ಮಾಡಿಕೊಳ್ಳಿ. ಆಮೇಲೆ ರಿಂಗ್ ರಸ್ತೆಯಲ್ಲಿ ಒಂದು ಸುತ್ತು, ಎಲ್ಲ ಸರಿ ಇದ್ದರೆ ಜೇವರ್ಗಿ ಕಡೆ ಹೆದ್ದಾರಿಗೆ. ವೇಗದಲ್ಲಿ ಗಾಡಿ ನೆಲ ಹಿಡಿದು ನೆಟ್ಟಗೆ ಹೋಗಬೇಕು. ಉಬ್ಬಿನ ಮೇಲೆ ಒಂದೇ ಸಲ ಕೂತು ಎದ್ದು ಸುಮ್ಮನಾಗಬೇಕು. ಎರಡು ಮೂರು ಸಲ ಕುಣಿದರೆ ಶಾಕಪ್ ಜೋಡಿ ಸರಿಯಿಲ್ಲ. ಠಣ್ ಎಂದರೆ ಬಂಪ್ ಸ್ಟಾಪ್ ನೋಡಿ.

ವ್ಯಾಗನ್ ಆರ್ ಇರುವವರಿಗೆ

ಹೆಸರಿನಲ್ಲಿ ವ್ಯಾಗನ್ ಇದ್ದರೂ ಇದು ಸ್ಟೇಷನ್ ವ್ಯಾಗನ್ ಅಲ್ಲ. ಎತ್ತರದ ಮೈ, ಕಿರಿದಾದ ಅಗಲ. ವಾಲುವುದು ತಪ್ಪಲಿ ಎಂದು ತಗ್ಗಿಸಲು ಆಸೆಯಾಗುವುದು ಸಹಜ. ಮೊದಲು ಹೊಸ ಶಾಕಪ್, ಹೊಸ ಬುಶ್, ಒಳ್ಳೆಯ ಟೈರ್ ಹಾಕಿ ಓಡಿಸಿ ನೋಡಿ. ಹೆಚ್ಚಿನವರಿಗೆ ಅಷ್ಟೇ ಸಾಕಾಗುತ್ತದೆ. ಸಿಎನ್‌ಜಿ ಸಿಲಿಂಡರ್ ಇದ್ದರೆ ಹಿಂದೆ ಮೊದಲೇ ಭಾರವಿದೆ. ಅಂಥ ಗಾಡಿಯನ್ನು ತಗ್ಗಿಸುವುದು ಬೇಡ.

ಮಳೆಗಾಲಕ್ಕೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ

ಗಾಡಿ 30 ಮಿ.ಮೀ. ತಗ್ಗಿದರೆ ಇಂಜಿನ್ ಗಾಳಿ ಎಳೆಯುವ ಬಾಯಿಯೂ ಅಷ್ಟೇ ತಗ್ಗುತ್ತದೆ. ಹಳ್ಳ ತುಂಬಿ ಸೇತುವೆ ಮೇಲೆ ನೀರು ಹರಿಯುವಾಗ ಮೊದಲಿನ ಅಂದಾಜು ಇಟ್ಟುಕೊಳ್ಳಬೇಡಿ. ಎರೆಮಣ್ಣಿನ ದಾರಿಯಲ್ಲಿ ಹೋಗಿ ಬಂದ ದಿನವೇ ಕಮಾನಿನ ಒಳಗೆ, ಸ್ಪ್ರಿಂಗ್ ಬಟ್ಟಲಿಗೆ ಜೋರಾಗಿ ನೀರು ಹೊಡೆದು ತೊಳೆಯಿರಿ. ಒಣಗಿದರೆ ಕಲ್ಲಾಗುತ್ತದೆ. ಮೊದಲ 1,000 ಕಿ.ಮೀ. ಆದ ಮೇಲೆ ಎಲ್ಲ ಬೋಲ್ಟ್‌ಗಳ ಬಿಗಿತ ಇನ್ನೊಮ್ಮೆ ನೋಡಿ. ಹಳೆಯ ಸ್ಪ್ರಿಂಗ್, ಶಾಕಪ್‌ಗಳನ್ನು ಗುಜರಿಗೆ ಹಾಕಬೇಡಿ. ಎಡ, ಬಲ, ಮುಂದೆ, ಹಿಂದೆ ಎಂದು ಚೀಟಿ ಕಟ್ಟಿ, ತುಕ್ಕು ಹಿಡಿಯದಂತೆ ಎಣ್ಣೆ ಸವರಿ ಅಟ್ಟದ ಮೇಲೆ ಇಡಿ. ಗಾಡಿ ಮಾರುವ ದಿನ ಕೊಳ್ಳುವವರು ಅವನ್ನೇ ಮೊದಲು ಕೇಳಬಹುದು.